ಯಾರ ಗಂಟಿನ ದಾಸೋಹ

ಬಿಜ್ಜಳನ ಭಂಡಾರದ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬಸವಣ್ಣ ಅರಸನ ಭಂಡಾರಿ, ಮನೆಯಲ್ಲಿ ದಿನವೂ ದಾಸೋಹ. ಅರಮನೆಯ ಹಣ ಜಂಗಮರ ಪಂಕ್ತಿಗೆ ಹರಿಯುತ್ತಿದೆ ಎಂದು ಚಾಡಿಕೋರರು ಬಿಜ್ಜಳನ ಕಿವಿ ಊದಿದರು. ಅರಸ ಲೆಕ್ಕ ಕೇಳಿದ. ಎಣಿಸಿ ನೋಡಿದರೆ ಒಂದು ಹಾಗವೂ ಕಡಿಮೆ ಇರಲಿಲ್ಲ. ಪುರಾಣಗಳು ಇದನ್ನು ಪವಾಡವೆಂದು ಹೇಳುತ್ತವೆ. ನನಗೆ ಪವಾಡಕ್ಕಿಂತ ಬಿಜ್ಜಳನ ಪ್ರಶ್ನೆಯ ಮೇಲೆ ಆಸಕ್ತಿ. ಕೇಳಿದ ಉದ್ದೇಶ ಕೆಟ್ಟದ್ದಿರಬಹುದು, ಪ್ರಶ್ನೆಯಲ್ಲಿ ತಪ್ಪಿರಲಿಲ್ಲ: ನೀನು ಬಡಿಸುತ್ತಿರುವ ಅನ್ನ ಯಾರದು? ಕಾಯಕದಿಂದ ಬಂದದ್ದರಲ್ಲೇ ದಾಸೋಹ ನಡೆಯಬೇಕೆಂದ ಶರಣರಿಗೆ ಈ ಪ್ರಶ್ನೆಯಿಂದ ಅವಮಾನವಾಗಿರಲಾರದು. ಅವರ ನೀತಿಯೇ ಆ ಪ್ರಶ್ನೆಯ ಮೇಲೆ ನಿಂತಿತ್ತು.

ಬಿಜ್ಜಳನ ಕಲ್ಯಾಣಕ್ಕೂ ಹುಮನಾಬಾದಿಗೂ ಹತ್ತಿರವಾದ, ಬೀದರ್ ಸೀಮೆಯ ಘಾಟಬೋರಾಳದಂಥ ಊರಿನಲ್ಲಿ ಕೂತು ಯೋಚಿಸುವವನಿಗೆ ಆ ಪ್ರಶ್ನೆಯನ್ನು ಬಾಡಿಗೆ ಕಾಯ್ದೆಗೂ ಒಮ್ಮೆ ಕೇಳಬೇಕೆನ್ನಿಸುತ್ತದೆ. ಬಾಡಿಗೆದಾರನಿಗೆ ಹಕ್ಕು ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಕೊಟ್ಟವರು ಯಾರು, ಅದರ ಬೆಲೆ ತೆತ್ತವರು ಯಾರು? ಕೊಟ್ಟದ್ದು ವಿಧಾನಸಭೆ. ಬೆಲೆ ತೆತ್ತವರು ಮಾಲಕರು ಎಂದು ಎಲ್ಲರೂ ಹೇಳುತ್ತಾರೆ, ಅದು ಬಹುಮಟ್ಟಿಗೆ ನಿಜವೂ ಹೌದು. ಅವರ ಜೊತೆ ಇನ್ನೊಬ್ಬರು ಸದ್ದಿಲ್ಲದೆ ತೆತ್ತಿದ್ದಾರೆ. ಅದು ಊರ ಪುರಸಭೆ.

ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಹೆಸರು, ಅಂಕಿ ಎಲ್ಲ ಕಲ್ಪನೆಯವೇ, ಲೆಕ್ಕದ ದಾರಿ ಮಾತ್ರ ನಿಜ. ಹುಮನಾಬಾದಿನ ಬಜಾರಿನಲ್ಲಿ ಒಂದು ದುಕಾನು. ಮಾಲಕ ಘಾಟಬೋರಾಳದ ಒಕ್ಕಲಿನವನು. ಹತ್ತಿಯೋ ತೊಗರಿಯೋ ಚೆನ್ನಾಗಿ ಬಂದ ವರ್ಷ ಕಟ್ಟಿಸಿದ್ದು. 1960ರ ದಶಕದಲ್ಲಿ ತಿಂಗಳಿಗೆ 20 ರೂಪಾಯಿ ಕಿರಾಯಿಗೆ ಒಬ್ಬ ಬಟ್ಟೆ ವ್ಯಾಪಾರಿಗೆ ಕೊಟ್ಟ. ಮಾಲಕ ತೀರಿಕೊಂಡ, ವ್ಯಾಪಾರಿಗೆ ವಯಸ್ಸಾಯಿತು. 1990ರ ಸುಮಾರಿಗೆ ಅಕ್ಕಪಕ್ಕದ ಹೊಸ ದುಕಾನುಗಳು 500 ರೂಪಾಯಿಗೆ ಹೋಗುತ್ತಿವೆ. ಮಾಲಕನ ಮಗ ಬಂದು ಕೂಡುತ್ತಾನೆ.

"ಕಾಕಾ, ಈ ಸಲಾನಾದ್ರೂ ಕಿರಾಯಿ ಜರಾ ಏರಸ್ರಿ. ಮ್ಯಾಲಿನ ಛತ್ತು ಸೋರಲಕ ಹತ್ಯಾದ. ಇಪ್ಪತ್ತು ರೂಪಾಯ್ದಾಗ ಹ್ಯಾಂಗ ದುರಸ್ತಿ ಮಾಡಸ್ಲಿ?"

"ತಮ್ಮಾ, ನಿಮ್ಮಪ್ಪನ ಮಾತಿನ ಮ್ಯಾಲ ಕುಂತೀನಿ. ಅಂವ ಇದ್ದಾಗ ಒಂದ್ ದಿನಾನೂ ಹಿಂಗ ಕೇಳಿಲ್ಲ. ಛಾ ಕುಡಿ ಪೈಲೆ."

ಛಾ ಬರುತ್ತದೆ, ಕಿರಾಯಿ ಏರುವುದಿಲ್ಲ. ಕಾಕಾ ಕೆಟ್ಟವನಲ್ಲ. ತನ್ನ ದುಡಿಮೆಯಿಂದ ಆ ಜಾಗಕ್ಕೆ ಹೆಸರು ತಂದವನು ತಾನು ಎಂದು ಅವನು ನಂಬಿದ್ದಾನೆ, ಅದು ಸುಳ್ಳೂ ಅಲ್ಲ. ಕಾಯ್ದೆಯೂ ಅವನ ಕಡೆಗಿದೆ. ಅವನು ಕೊಡುತ್ತಿರುವುದು ವರ್ಷಕ್ಕೆ 240 ರೂಪಾಯಿ, ಪೇಟೆಯ ಧಾರಣೆ 6,000. ಅಂದರೆ ವರ್ಷಕ್ಕೆ 5,760 ರೂಪಾಯಿಯ ಲಾಭ ಅವನಿಗೆ. ಆ ಕಾಲದಲ್ಲಿ ಪುರಸಭೆಯ ತೆರಿಗೆ ಕಟ್ಟಡದ ವಾರ್ಷಿಕ ಬಾಡಿಗೆಯ ಮೇಲೆ ಬೀಳುತ್ತಿತ್ತು. ನೂರಕ್ಕೆ ಹತ್ತರ ದರ ಎಂದು ಹಿಡಿದರೆ ಪುರಸಭೆಗೆ ಬರಬೇಕಿದ್ದದ್ದು 600, ಬಂದದ್ದು 24. ಹೀಗೆ ಕಾಕಾನಿಗೆ ಸಂದ ಆ 5,760ರಲ್ಲಿ 5,184 ರೂಪಾಯಿ ಮಾಲಕನ ಮಗನ ಜೇಬಿನಿಂದ ಹೋಯಿತು, ಉಳಿದ 576 ಊರಿನ ಗಂಟಿನಿಂದ. ಬಜಾರಿನಲ್ಲಿ ಇಂಥ 300 ದುಕಾನುಗಳಿದ್ದರೆ ಊರು ವರ್ಷಕ್ಕೆ 1,72,800 ರೂಪಾಯಿಯನ್ನು ಯಾವ ಠರಾವೂ ಇಲ್ಲದೆ, ಯಾವ ಸದಸ್ಯನೂ ಕೈ ಎತ್ತದೆ ದಾನ ಮಾಡಿದಂತಾಯಿತು.

ಮಾಲಕನ ಪಾಲು ದೊಡ್ಡದು, ಒಪ್ಪಿದೆ. ಆದರೆ ಮಾಲಕನಿಗೆ ತಪ್ಪಿಸಿಕೊಳ್ಳುವ ದಾರಿಗಳಿದ್ದವು. ಛತ್ತು ಸೋರಲು ಬಿಡಬಹುದು. ಖಾಲಿಯಾದ ಕಟ್ಟಡವನ್ನು ಮತ್ತೆ ಕಿರಾಯಿಗೆ ಕೊಡದೆ ಕೀಲಿ ಹಾಕಬಹುದು. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಎಲ್ಲವೂ ಬಾಡಿಗೆ ಕಾಯ್ದೆಯ ಭಯದಿಂದಲೇ ಖಾಲಿ ಇದ್ದವು ಎನ್ನಲಾಗದು, ಆದರೆ ಆ ಭಯವೂ ಒಂದು ಕಾರಣ. ಇಲ್ಲವೇ ಹೊಸ ಬಾಡಿಗೆದಾರನಿಂದ ರಸೀದಿಯಿಲ್ಲದೆ ಪಗಡಿ ಎಂಬ ಗುಪ್ತ ಹಣ ತೆಗೆದುಕೊಳ್ಳಬಹುದು. ಪುರಸಭೆಗೆ ಇದಾವುದೂ ಸಾಧ್ಯವಿಲ್ಲ. ಪಗಡಿಯ ಮೇಲೆ ಅದು ತೆರಿಗೆ ಹಾಕಲಾರದು, ಏಕೆಂದರೆ ಕಾಗದದ ಮೇಲೆ ಪಗಡಿ ಎಂಬುದೇ ಇಲ್ಲ. ಗಟಾರ ಬಳಿಯುವವರ ಪಗಾರವನ್ನು 1960ರ ದರಕ್ಕೆ ನಿಲ್ಲಿಸಲಾರದು. ನೀರೆತ್ತುವ ಪಂಪಿನ ಕರೆಂಟಿಗೆ ಹಳೆಯ ಬಿಲ್ಲು ಕಟ್ಟಲಾರದು.

ಇದು ಪುರಸಭೆಯ ಮೈಗಳ್ಳತನ, ತೆರಿಗೆಯನ್ನಾದರೂ ಪೇಟೆಯ ಧಾರಣೆಯಂತೆ ಹಾಕಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹಾಕಲು ಬರುತ್ತಿರಲಿಲ್ಲ. ಕಲ್ಕತ್ತ ಕಾರ್ಪೊರೇಶನ್ ಮತ್ತು ಪದ್ಮಾದೇವಿ ಎಂಬ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರ ದಶಕದ ಆರಂಭದಲ್ಲೇ ಒಂದು ತರ್ಕ ಕಟ್ಟಿತು. ಒಂದು ಕಟ್ಟಡಕ್ಕೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದೋ ಅಷ್ಟರ ಮೇಲೆ ತೆರಿಗೆ. ಕಾಯ್ದೆ ಗೊತ್ತುಮಾಡಿದ ಬಾಡಿಗೆಗಿಂತ ಹೆಚ್ಚು ಪಡೆಯುವುದು ಅಪರಾಧ. ಅಪರಾಧ ಮಾಡಿ ಪಡೆಯುವ ಹಣವನ್ನು ನ್ಯಾಯವಾದ ನಿರೀಕ್ಷೆ ಎನ್ನುವುದು ಹೇಗೆ? ಆದ್ದರಿಂದ ತೆರಿಗೆಯೂ ಆ ಗೆರೆ ದಾಟಬಾರದು. ತರ್ಕದಲ್ಲಿ ಬಿರುಕಿಲ್ಲ. 1970ರ ಸುಮಾರಿಗೆ ಗುಂಟೂರು ಪುರಸಭೆಯ ಪ್ರಕರಣ ಇನ್ನೊಂದು ಹೆಜ್ಜೆ ಹೋಯಿತು: ಬಾಡಿಗೆ ನಿಯಂತ್ರಕರು ನ್ಯಾಯಬಾಡಿಗೆಯನ್ನು ಗೊತ್ತುಮಾಡಿರದಿದ್ದರೂ ಪುರಸಭೆಯೇ ಆ ಲೆಕ್ಕ ಹಾಕಿ ಅದರೊಳಗೆ ನಿಲ್ಲಬೇಕು. ದೆಹಲಿಯ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದ ಹೊತ್ತಿಗೆ, ಬಾಡಿಗೆದಾರನಿಗೆ ನ್ಯಾಯಬಾಡಿಗೆ ಕೇಳುವ ಅವಧಿಯೇ ಮುಗಿದುಹೋಗಿ ಮಾಲಕ ಹೆಚ್ಚು ಬಾಡಿಗೆ ಪಡೆಯುತ್ತಿದ್ದರೂ ತೆರಿಗೆ ಮಾತ್ರ ಕಾಯ್ದೆಯ ಬಾಡಿಗೆಯ ಮೇಲೆಯೇ ಎಂದಾಯಿತು. 1984ರಲ್ಲಿ ಬಲಬೀರ್ ಸಿಂಗ್ ಪ್ರಕರಣದಲ್ಲಿ ಬಾಡಿಗೆದಾರನೇ ಇಲ್ಲದ, ಮಾಲಕ ತಾನೇ ವಾಸವಿರುವ ಮನೆಗೂ ಇದೇ ಅಳತೆ ಎಂದಿತು ಕೋರ್ಟು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಡ ಬಾಡಿಗೆದಾರನಿಗೆಂದು ಮಾಡಿದ ಕಾಯ್ದೆಯಿಂದ ದೆಹಲಿಯ ಸ್ವಂತ ಬಂಗಲೆಯವರ ತೆರಿಗೆ ಇಳಿಯಿತು. ಕೋರ್ಟಿನ ಉದ್ದೇಶ ಅದಾಗಿರಲಿಲ್ಲ, ಕಾಯ್ದೆ ಬರೆದವರದೂ ಆಗಿರಲಿಲ್ಲ. ಇಂಥ ಸೋರಿಕೆಯನ್ನು ಕಂಡು ನಗುವುದು ಸುಲಭ. ಆದರೆ ಅದರ ಮೂಲದಲ್ಲಿ ಒಂದು ನೈತಿಕ ಉದಾಸೀನವಿದೆ. ತನ್ನ ಜೇಬಿನಿಂದ ಹೋಗದ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ನೋಡುವುದಿಲ್ಲ. ತಾನೇ ತೆರುವವನಾಗಿದ್ದರೆ ಸರ್ಕಾರ ಮೊದಲ ವರ್ಷವೇ ಕೇಳುತ್ತಿತ್ತು: ಬಂಗಲೆಯವನಿಗೆ ಇದು ಏಕೆ?

ನಮ್ಮ ನಾಡಿನ ಪ್ರಕರಣ ಬೆಳಗಾವಿಯದು. ಹೈದರಾಬಾದ್ ರಾಜ್ಯದ ಪಟ್ಟಣಗಳಿಗೆ 1954ರ ಬಾಡಿಗೆ ಕಾಯ್ದೆಯಿತ್ತು, ಹಳೆ ಮೈಸೂರಿಗೆ 1951ರದು. ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡಗಳಿಗೆ 1947ರದು. ಅದು 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನೇ ಗೂಟವಾಗಿ ನೆಟ್ಟಿತ್ತು. ಏಕೀಕರಣದ ನಂತರ 1961ರ ಕಾಯ್ದೆ ಎಲ್ಲವನ್ನೂ ಒಂದು ಮಾಡಿತು. ಬೆಳಗಾವಿ ಮಹಾನಗರ ಪಾಲಿಕೆ ತೆರಿಗೆ ಏರಿಸಿದಾಗ ನ್ಯಾಯಬಾಡಿಗೆಯನ್ನು ಮೀರಬಾರದು ಎಂಬ ಹಳೆಯ ಗುರಾಣಿ ಹಿಡಿದ ಆಸ್ತಿದಾರರ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1994ರ ಆ ತೀರ್ಪಿನಲ್ಲಿ ನ್ಯಾಯಾಲಯದ ದನಿಯೇ ಬೇರೆ. ಸ್ಥಳೀಯ ಸಂಸ್ಥೆಗಳಿಗೆ ಆಸ್ತಿ ತೆರಿಗೆಯೇ ಮುಖ್ಯ ಆದಾಯ. ಸೇವೆಗಳ ಖರ್ಚು ಹಲವು ಪಟ್ಟು ಏರಿದೆ. ತೆರಿಗೆಯನ್ನು ಬಾಡಿಗೆ ಕಾಯ್ದೆಯ ಅಂಕಿಗೆ ಕಟ್ಟಿಹಾಕಿ ಎಲ್ಲ ಕರ್ತವ್ಯವನ್ನೂ ನಡೆಸು ಎಂದರೆ ಆಗದ ಕೆಲಸವನ್ನು ಹೇಳಿದಂತೆ. ನ್ಯಾಯಮೂರ್ತಿಗಳ ಮಾತಿನ ಸಾರ ಇದು. ಮುಂದೆ ಕಲ್ಕತ್ತದ ಪ್ರಕರಣಗಳಲ್ಲಿ ಹಳೆಯ ತರ್ಕ ಮತ್ತೆ ತಲೆ ಎತ್ತಿತು. ಕೊನೆಗೆ ಆಯಾ ರಾಜ್ಯದ ಕಾಯ್ದೆ ಏನು ಹೇಳುತ್ತದೋ ಹಾಗೆ ಎಂಬಲ್ಲಿಗೆ ಬಂದು ನಿಂತಿತು. ಕಾನೂನಿನ ಆ ಓಡಾಟ ವಕೀಲರಿಗಿರಲಿ. ನನಗೆ ಮುಖ್ಯವಾದದ್ದು, ಊರು ಕೂಡ ಈ ಜಗಳದ ಒಬ್ಬ ಕಕ್ಷಿದಾರ ಎಂದು ದೊಡ್ಡ ಕೋರ್ಟು ಇಷ್ಟು ಬಿಚ್ಚಿ ಹೇಳಲು 1994ರವರೆಗೆ ಕಾಯಬೇಕಾಯಿತು ಎಂಬುದು.

ಬಾಡಿಗೆದಾರನ ವಿರುದ್ಧ ನಾನು ವಕಾಲತ್ತು ಹಾಕುತ್ತಿಲ್ಲ. ಹುಮನಾಬಾದಿನಲ್ಲೋ ಕಲ್ಯಾಣದಲ್ಲೋ ಮನೆ ಹುಡುಕಿದವರಿಗೆ ಗೊತ್ತು, ಕಿರಾಯಿ ಎಷ್ಟು ಎನ್ನುವ ಮೊದಲು ಯಾವ ಮಂದಿ ಎಂಬ ಪ್ರಶ್ನೆ ಬರುತ್ತದೆ. ಮನೆ ಸಿಕ್ಕಮೇಲೂ ನಳದ ನೀರು ಬಂದ್ ಮಾಡಿ, ಕರೆಂಟು ಕಿತ್ತು, ಮಗಳ ಪರೀಕ್ಷೆಯ ಹೊತ್ತಿಗೆ ಖಾಲಿ ಮಾಡು ಎನ್ನುವ ಮಾಲಕರಿಗೆ ಬರಗಾಲವಿಲ್ಲ. ನೋಟಿಸು ಕೊಡದೆ ಹೊರಹಾಕಬಾರದು, ರಸೀದಿ ಕೊಡಬೇಕು, ಮುಂಗಡ ಹಿಂದಿರುಗಿಸಬೇಕು, ನೀರು ಬೆಳಕು ಕತ್ತರಿಸಬಾರದು. ಈ ಹಕ್ಕುಗಳಿಂದ ಯಾವ ಪುರಸಭೆಗೂ ಒಂದು ಪೈಸೆ ನಷ್ಟವಿಲ್ಲ. ನಷ್ಟ ತಂದದ್ದು ಬಾಡಿಗೆಯನ್ನು ಹೆಪ್ಪುಗಟ್ಟಿಸಿದ ಒಂದು ಕಲಂ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ, ಗಂಟು ಬಿಚ್ಚಬೇಕೆಂದವರೆಲ್ಲ ಬಡವರ ವೈರಿಗಳಂತೆ ಕಂಡರು, ಬಿಚ್ಚಬಾರದೆಂದವರೆಲ್ಲ ಬಡವರ ಬಂಧುಗಳಂತೆ.

ನಮ್ಮ ಸರ್ಕಾರಗಳಿಗೆ ಇನ್ನೊಬ್ಬರ ನಷ್ಟದ ಲೆಕ್ಕ ಹಾಕಲು ಬರುತ್ತಿರಲಿಲ್ಲ ಎನ್ನಲೂ ಆಗದು. ಇದೇ ಬೀದರ್ ಸೀಮೆಯ ಇತಿಹಾಸ ನೋಡಿ. ಕಲ್ಯಾಣ ನವಾಬರ ಜಾಗೀರಾಗಿತ್ತು. 1949ರಲ್ಲಿ ಹೈದರಾಬಾದ್ ಸರ್ಕಾರ ಜಾಗೀರುಗಳನ್ನು ರದ್ದು ಮಾಡಿತು, ಮರುವರ್ಷವೇ ಜಾಗೀರುದಾರರಿಗೆ ಎಷ್ಟು ಪರಿಹಾರ ಎಂಬ ನಿಯಮ ಮಾಡಿ ಖಜಾನೆಯಿಂದ ಕೊಟ್ಟಿತು. ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಹೋಯಿತು. ಭೂಮಾಲಕರಿಗೆ ಪರಿಹಾರ ಗೊತ್ತಾಯಿತು, ಭೂಮಿ ಕಳೆದುಕೊಂಡ ದೇವಸ್ಥಾನ, ಮಠಗಳಿಗೆ ವರ್ಷಾಶನ ಬಂತು. 1979ರಲ್ಲಿ ಆಕ್ಟ್ರಾಯ್, ನಮ್ಮ ಕಡೆಯ ಜಕಾತಿ, ರದ್ದಾಯಿತು. ನಾಕಾದಲ್ಲಿ ಗಾಡಿ ನಿಲ್ಲಿಸುವ ಕಿರಿಕಿರಿ ತಪ್ಪಿತೆಂದು ವ್ಯಾಪಾರಿಗಳು ಖುಷಿಪಟ್ಟರು, ಪುರಸಭೆಗಳಿಗಾದ ನಷ್ಟವನ್ನು ರಾಜ್ಯ ತುಂಬಿಕೊಡಲು ಒಪ್ಪಿತು. ತುಂಬಿಕೊಟ್ಟದ್ದು ಸಾಕಿತ್ತೇ, ಹೊತ್ತಿಗೆ ಬಂತೇ ಎಂಬುದು ಬೇರೆ ಜಗಳ. ನಷ್ಟವಿದೆ ಎಂದಾದರೂ ಒಪ್ಪಿದ್ದರು. ನವಾಬನಿಗೆ ಸಿಕ್ಕ ಲೆಕ್ಕ, ಮಠಕ್ಕೆ ಸಿಕ್ಕ ಲೆಕ್ಕ, ಜಕಾತಿ ನಾಕಾಕ್ಕೆ ಸಿಕ್ಕ ಲೆಕ್ಕ ಬಾಡಿಗೆ ಕಾಯ್ದೆಯ ವಿಷಯದಲ್ಲಿ ಊರಿಗೆ ಸಿಗಲಿಲ್ಲ. ಜಕಾತಿ ಹೋದ ಮೇಲಂತೂ ಪುರಸಭೆಗಳ ಕೈಯಲ್ಲಿ ಉಳಿದ ದೊಡ್ಡ ಆದಾಯ ಆಸ್ತಿ ತೆರಿಗೆ. ಅದು ಹೆಪ್ಪುಗಟ್ಟಿದ ಬಾಡಿಗೆಗೆ ಕಟ್ಟಿಬಿದ್ದಿತ್ತು.

ಅಮೆರಿಕದಲ್ಲಿ ಈ ಚರ್ಚೆ ಬೇರೆ ರೀತಿ ನಡೆಯುತ್ತದೆ, ಏಕೆಂದರೆ ಅಲ್ಲಿನ ನಗರಗಳು ಆಸ್ತಿ ತೆರಿಗೆಯ ಮೇಲೆ ಬದುಕುತ್ತವೆ ಎಂದು ಮತದಾರನಿಗೂ ಗೊತ್ತು. ಮಿನೆಸೋಟದ ಸೇಂಟ್ ಪಾಲ್ ನಗರದವರು 2021ರಲ್ಲಿ ಮತ ಹಾಕಿ, ವರ್ಷಕ್ಕೆ ಶೇಕಡಾ 3ಕ್ಕಿಂತ ಹೆಚ್ಚು ಬಾಡಿಗೆ ಏರಿಸಬಾರದೆಂದು ತೀರ್ಮಾನಿಸಿದರು. ಅಲ್ಲಿನ ಆಸ್ತಿಗಳ ಬೆಲೆ ಶೇಕಡಾ 6ರಿಂದ 7ರಷ್ಟು ಕುಸಿಯಿತೆಂದು ಸಂಶೋಧಕರು ಅಂದಾಜು ಮಾಡಿದರು. ಅಲ್ಲಿ ನಗರ ತನಗೆ ಬೇಕಾದ ಒಟ್ಟು ಮೊತ್ತವನ್ನು ಮೊದಲು ಗೊತ್ತುಮಾಡಿ ಆಮೇಲೆ ಆಸ್ತಿಗಳ ಮೇಲೆ ಹಂಚುತ್ತದೆ. ಬಾಡಿಗೆ ಕಟ್ಟಡದ ಬೆಲೆ ಇಳಿದರೆ ಹೊರೆ ಪಕ್ಕದ ಸ್ವಂತ ಮನೆಯವನ ಮೇಲೆ ಜರುಗುತ್ತದೆ. ನಗರದ ಗಂಟು ಕರಗುವುದಿಲ್ಲ, ನೆರೆಯವನ ಗಂಟು ಕರಗುತ್ತದೆ. ಮರುವರ್ಷವೇ ಹೊಸ ಕಟ್ಟಡಗಳಿಗೆ 20 ವರ್ಷದ ವಿನಾಯಿತಿ ಕೊಟ್ಟು ನಗರ ನಿಯಮ ಸಡಿಲಿಸಿತು.

ನ್ಯೂಯಾರ್ಕಿನ ದಾರಿ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಮನೆ ಬಿಡಿಸುವ ದಾವೆ ಎದುರಿಸುವ ಬಡ ಬಾಡಿಗೆದಾರನಿಗೆ ವಕೀಲನನ್ನು ನಗರವೇ ಕೊಡಬೇಕೆಂದು 2017ರಲ್ಲಿ ಅದು ಕಾನೂನು ಮಾಡಿತು. ವಕೀಲರ ಖರ್ಚು ನಗರದ ಬಜೆಟ್ಟಿನಲ್ಲಿ ಬರೆದಿರುತ್ತದೆ, ಬೇಕಾದವರು ನೋಡಬಹುದು, ಬೈಯಬಹುದು. ಅದರ ಹಿಂದೆ ಒಂದು ಲಾಭದ ಲೆಕ್ಕವೂ ಇದೆ. ಮನೆಯಿಲ್ಲದವರಿಗೆ ಆಸರೆ ಕೊಡುವ ಹೊಣೆ ಅಲ್ಲಿ 1981ರಿಂದ ನಗರದ ಮೇಲಿದೆ. ಒಂದು ಕುಟುಂಬ ಬೀದಿಗೆ ಬಿದ್ದರೆ ಖರ್ಚು ನಗರಕ್ಕೇ. ಆದ್ದರಿಂದ ಬಾಡಿಗೆದಾರನ ಹಕ್ಕು ಹೆಚ್ಚಿದಷ್ಟೂ ನಗರಕ್ಕೆ ಉಳಿತಾಯ ಎಂದು ಅಲ್ಲಿ ವಾದಿಸಲು ಬರುತ್ತದೆ. ನಮ್ಮಲ್ಲಿ ಆ ವಾದಕ್ಕೆ ನೆಲವಿಲ್ಲ. ಹುಮನಾಬಾದಿನಲ್ಲಿ ಮನೆ ಬಿಟ್ಟ ಕುಟುಂಬ ಹೋಗುವುದು ಅಕ್ಕನ ಮನೆಗೆ, ಇಲ್ಲವೇ ಊರಿನ ಹಳೆಯ ಪಡಸಾಲೆಗೆ. ಅವರ ಗೋಳು ಯಾವ ಸಂಸ್ಥೆಯ ಖರ್ಚಿನ ಪುಸ್ತಕದಲ್ಲೂ ಬರುವುದಿಲ್ಲ. ಲೆಕ್ಕಕ್ಕೆ ಬರದ ಗೋಳನ್ನು ತಪ್ಪಿಸಿದ್ದಕ್ಕೆ ಲೆಕ್ಕಕ್ಕೆ ಬರುವ ಲಾಭವೂ ಇರುವುದಿಲ್ಲ. ಬಾಡಿಗೆದಾರನ ಹಕ್ಕೆಂದರೆ ನಮ್ಮ ಪುರಸಭೆಗೆ ನಷ್ಟವೇ ಎಂದು ಕಾಣುವುದರಲ್ಲಿ ಈ ಕುರುಡಿನ ಪಾಲೂ ಇದೆ.

ಬೇರೆಯವರ ಗಂಟಿನಿಂದ ಕರುಣೆ ತೋರಿಸುವ ಅಭ್ಯಾಸ ಕೊರೊನಾ ಕಾಲದಲ್ಲಿ ಬೆತ್ತಲಾಯಿತು. ನಮ್ಮ ಭಾಗದಿಂದ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರು ಸಾವಿರಾರು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಆದೇಶ ಹೊರಡಿಸಿತು: ವಲಸೆ ಕಾರ್ಮಿಕರಿಂದ ಮಾಲಕರು ಒಂದು ತಿಂಗಳ ಬಾಡಿಗೆ ಕೇಳಬಾರದು, ಮನೆ ಬಿಡಿಸಿದರೆ ಕ್ರಮ. ಆದೇಶದ ಭಾಷೆಯಲ್ಲಿ ಅಂತಃಕರಣವಿತ್ತು, ಹಣವಿರಲಿಲ್ಲ. ಹತ್ತಕ್ಕೆ ಹತ್ತರ ಎರಡು ಕೋಣೆಗಳ ಬಾಡಿಗೆಯಿಂದಲೇ ಔಷಧಿ ಕೊಳ್ಳುವ ಮುದುಕಿ ಮಾಲಕಿಯೂ, ಇಪ್ಪತ್ತು ಚಾಳುಗಳ ಒಡೆಯನೂ ಆ ಆದೇಶದ ಕಣ್ಣಿಗೆ ಒಂದೇ. ಅದೇ ದಿನ ದೆಹಲಿಯ ಮುಖ್ಯಮಂತ್ರಿ, ಬಡ ಬಾಡಿಗೆದಾರರು ಕೊಡಲಾಗದಿದ್ದರೆ ಸರ್ಕಾರ ಕೊಡುತ್ತದೆ ಎಂದು ಎಲ್ಲರೆದುರು ಮಾತು ಕೊಟ್ಟರು. ನೀತಿಯ ದೃಷ್ಟಿಯಿಂದ ಇದು ಮೇಲು, ಕೊಡುತ್ತೇನೆ ಎಂದವನು ತನ್ನ ಜೇಬನ್ನು ತೋರಿಸಿದ. ಆದರೆ ಹಣ ಬರಲಿಲ್ಲ. ಕೂಲಿಕಾರರು ಹೈಕೋರ್ಟಿಗೆ ಹೋದರು. 2021ರ ಜುಲೈನಲ್ಲಿ ಏಕಸದಸ್ಯ ಪೀಠ, ಕೊಟ್ಟ ಮಾತನ್ನು ಸರ್ಕಾರ ಸುಮ್ಮನೆ ಮರೆಯುವಂತಿಲ್ಲ, ತೀರ್ಮಾನ ತೆಗೆದುಕೊಳ್ಳಬೇಕು ಎಂದಿತು. ಸರ್ಕಾರ ಮೇಲ್ಮನವಿ ಹಾಕಿ ಸೆಪ್ಟೆಂಬರಿನಲ್ಲಿ ತಡೆ ತಂದಿತು. ಬಾಡಿಗೆ ತೆರುತ್ತೇನೆಂದ ಸರ್ಕಾರವೇ, ತೆರದಿರಲು ವಕೀಲರಿಗೆ ತೆತ್ತಿತು.

ಘಾಟಬೋರಾಳದಂಥ ಊರುಗಳಲ್ಲಿ ಈ ಕಾಯ್ದೆಗಳ ನೆರಳು ಮಾತ್ರ ಬೀಳುತ್ತದೆ. ಬಾಡಿಗೆ ಕಾಯ್ದೆ ಬರೆದದ್ದು ಪಟ್ಟಣಗಳಿಗೆ. ಹಳ್ಳಿಯಲ್ಲಿ ಕಿರಾಯಿಗೆ ಇರುವವರು ಸಾಲಿ ಮಾಸ್ತರು, ನರ್ಸಬಾಯಿ, ಲೈನಮನ್. ಕರಾರು ಬಾಯಿಮಾತಿನದು. ಪಂಚಾಯಿತಿಯ ಮನೆಕರಕ್ಕೂ ಮಾಸ್ತರು ಕೊಡುವ ಕಿರಾಯಿಗೂ ಸಂಬಂಧವಿಲ್ಲ. ಹಾಗಾಗಿ ಇಲ್ಲಿ ಬಾಡಿಗೆದಾರನ ಹಕ್ಕು ಬೆಳೆದರೂ ಪಂಚಾಯಿತಿಗೆ ಕಳೆದುಕೊಳ್ಳುವುದೇನಿಲ್ಲ. ಆದರೂ ಮಾಲಕ ಒಂದು ಚೀಟಿ ಬರೆದುಕೊಡಲು ಹೆದರುತ್ತಾನೆ. ಆ ಹೆದರಿಕೆಯ ಬೇರು ಮನೆಯಲ್ಲಿಲ್ಲ, ಹೊಲದಲ್ಲಿದೆ. ಉಳುವವನ ಹೆಸರು ಪಹಣಿಯಲ್ಲಿ ಬಂದರೆ ಹೊಲ ಹೋಯಿತು ಎಂಬುದು 1950ರ ಹೈದರಾಬಾದ್ ಗೇಣಿ ಕಾಯ್ದೆಯಿಂದ 1974ರವರೆಗೆ ಎರಡು ತಲೆಮಾರು ಕಲಿತ ಪಾಠ. ಆ ಪಾಠದಿಂದ ಉಳುವವನಿಗೆ ಭೂಮಿ ಸಿಕ್ಕಿತು, ಅದು ದೊಡ್ಡದು. ಅದೇ ಪಾಠದಿಂದ ಇವತ್ತು ಲಾವಣಿಗೆ, ಪಾಲಿಗೆ ಹೊಲ ಮಾಡುವವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಬೆಳೆ ಸಾಲವೋ ಬೆಳೆ ಪರಿಹಾರವೋ ಬಂದರೆ ಹೊಲದ ಒಡೆಯನ ಖಾತೆಗೆ. ಮನೆಯ ವಿಷಯದಲ್ಲೂ ಅದೇ. ಪಟ್ಟಣದಲ್ಲಿ ಹನ್ನೊಂದು ತಿಂಗಳ ಕರಾರು ಹುಟ್ಟಿದ್ದು ಇದೇ ಭಯದಿಂದ ಮತ್ತು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕೆಂಬ ತಾಪತ್ರಯದಿಂದ. ಹಕ್ಕು ಹೆಚ್ಚಾದಷ್ಟೂ ಕಾಗದ ಕಡಿಮೆಯಾಯಿತು. ಕಾಗದವಿಲ್ಲದ ಬಾಡಿಗೆದಾರನಿಗೆ ಕೋರ್ಟಿನಲ್ಲಿ ಹಕ್ಕು ಸಾಬೀತುಮಾಡುವುದು ಕಷ್ಟ, ಊರಿಗೆ ಅವನ ಲೆಕ್ಕವೂ ಇಲ್ಲ.

ಶತಮಾನದ ತಿರುವಿನಲ್ಲಿ ಗಂಟು ಸಡಿಲವಾಯಿತು. ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಮುಂಬೈ ಕಾಯ್ದೆಯ ಹೆಪ್ಪುಗಟ್ಟಿದ ಬಾಡಿಗೆ ಕಾಲಕ್ರಮದಲ್ಲಿ ಅನ್ಯಾಯವಾಗಿದೆ ಎಂದಿತು. ಕರ್ನಾಟಕದ 1999ರ ಹೊಸ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದ ಬಾಡಿಗೆಯ ಮನೆಗಳು, 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳು ಅದರ ಹೊರಗೆ ಉಳಿದವು. ಅದೇ ಹೊತ್ತಿಗೆ ಪುರಸಭೆಗಳ ಕಾಯ್ದೆಯೂ ತಿದ್ದುಪಡಿಯಾಗಿ, 2002ರಿಂದ ಆಸ್ತಿ ತೆರಿಗೆ ಬಾಡಿಗೆಯನ್ನು ಬಿಟ್ಟು ಆಸ್ತಿಯ ಬೆಲೆಯನ್ನು ಹಿಡಿಯಿತು. ಮಾಲಕನೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂತು. ಮುಂಬೈ ಪಾಲಿಕೆ ಅದೇ ದಾರಿಗೆ ಬಂದದ್ದು 2010ರಲ್ಲಿ. ಕಾಕಾನ ಕಿರಾಯಿ 20 ರೂಪಾಯಿಯಲ್ಲೇ ನಿಂತಿದ್ದರೂ ಪುರಸಭೆಗೆ ಈಗ ಅದರ ಗೊಡವೆಯಿಲ್ಲ.

ಊರಿನ ಗಂಟು ಉಳಿಯಿತು. ಆದರೆ ತಕ್ಕಡಿ ಈಗ ಇನ್ನೊಂದು ಕಡೆಗೆ ವಾಲಿತು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಏರಿದಂತೆ ತೆರಿಗೆ ಏರುತ್ತದೆ. ಏರಿದ್ದನ್ನು ಮಾಲಕ ಕಿರಾಯಿಗೆ ಸೇರಿಸುತ್ತಾನೆ. ಕಟ್ಟುವವನು ಬಾಡಿಗೆದಾರ, ರಸೀದಿ ಮಾಲಕನ ಹೆಸರಿಗೆ. ವಾರ್ಡಿನ ಸಭೆಯಲ್ಲಿ ಕಿರಾಯಿದಾರನೊಬ್ಬ ಗಟಾರದ ಬಗ್ಗೆ ಮಾತೆತ್ತಿದರೆ, "ನೀವು ಟ್ಯಾಕ್ಸ್ ಕಟ್ತೀರೇನ್ರಿ?" ಎನ್ನುವವರು ಸಿಕ್ಕೇ ಸಿಗುತ್ತಾರೆ. ಕೊಡುವುದು ಅವನು, ಕೊಟ್ಟವನ ಮರ್ಯಾದೆ ಇನ್ನೊಬ್ಬನಿಗೆ. ಮೊದಲು ಊರಿಗೆ ಆದ ಅನ್ಯಾಯದಂತೆಯೇ ಇದೂ, ಮುಖ ಮಾತ್ರ ಬದಲಾಗಿದೆ.

ಈಚಿನ ಒಂದು ಉದಾಹರಣೆಯಲ್ಲಿ ಸರಿಯಾದ ದಾರಿಯ ಸುಳಿವಿದೆ. ಅದು ಮನೆಗಳಿಗೆ ಉಚಿತ ವಿದ್ಯುತ್ ಕೊಡುವ 2023ರ ಗೃಹಜ್ಯೋತಿ ಯೋಜನೆ. ಅದನ್ನು ಉದ್ಘಾಟಿಸಿದ್ದು ನಮ್ಮ ಪಕ್ಕದ ಕಲಬುರಗಿಯಲ್ಲೇ, ಆ ವರ್ಷದ ಆಗಸ್ಟ್ 5ರಂದು. ಬಾಡಿಗೆದಾರರಿಗೆ ಸಿಗುತ್ತದೋ ಇಲ್ಲವೋ ಎಂದು ಮೊದಲು ಗೊಂದಲವಾಯಿತು, ಆಮೇಲೆ ಅವರಿಗೂ ಉಂಟು ಎಂದು ಸರ್ಕಾರ ಸ್ಪಷ್ಟಪಡಿಸಿತು. ಇದೂ ಬಾಡಿಗೆದಾರನ ಹಕ್ಕಿನ ವಿಸ್ತರಣೆಯೇ. ಆದರೆ ಇದರ ಬೆಲೆಯನ್ನು ವಿದ್ಯುತ್ ಕಂಪನಿ ಜೆಸ್ಕಾಂ ಸದ್ದಿಲ್ಲದೆ ನುಂಗಬೇಕಿಲ್ಲ. 2003ರ ವಿದ್ಯುತ್ ಕಾಯ್ದೆಯ 65ನೆಯ ಕಲಂ ಪ್ರಕಾರ, ಯಾರಿಗಾದರೂ ದರದಲ್ಲಿ ರಿಯಾಯಿತಿ ಕೊಡಿಸಬೇಕೆಂದರೆ ರಾಜ್ಯ ಸರ್ಕಾರ ಆ ಮೊತ್ತವನ್ನು ಮುಂಗಡವಾಗಿ ತೆರಬೇಕು. ತೆರದಿದ್ದರೆ ಆ ಆದೇಶ ನಡೆಯುವುದಿಲ್ಲ. ಸರ್ಕಾರಗಳು ಬಾಕಿ ಉಳಿಸಿಕೊಳ್ಳುತ್ತವೆ, ಅದು ಬೇರೆ. ಬಾಕಿಯೆಂದರೂ ಬರೆದಿಟ್ಟ ಬಾಕಿ, ಕೇಳಲು ಬರುತ್ತದೆ. ಈ ಕಲಂ ಪುರಸಭೆ, ಪಂಚಾಯಿತಿಗಳ ಕಾಯ್ದೆಗಳಲ್ಲೂ ಏಕಿರಬಾರದು? ಅವುಗಳ ಆದಾಯಕ್ಕೆ ಕತ್ತರಿ ಬೀಳುವ ಯಾವ ಹಕ್ಕನ್ನು ಯಾರಿಗೆ ಕೊಟ್ಟರೂ ಕೊಟ್ಟವರು ಮೊದಲು ಹಣ ಇಡಲಿ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮನೆಗೆ ಎರಡು ತಿಂಗಳ ಮುಂಗಡದ ಮಿತಿ, ಬಾಡಿಗೆ ಪ್ರಾಧಿಕಾರ ಎಲ್ಲ ಇವೆ. ಹತ್ತು ತಿಂಗಳ ಮುಂಗಡ ಕಂಡ ಬೆಂಗಳೂರಿನವರಿಗೆ ಅದು ಆಸೆ ಹುಟ್ಟಿಸುವ ಕಾಗದ. ಆದರೆ ಕೊಟ್ಟವರು ಮೊದಲು ಹಣ ಇಡಬೇಕೆಂಬ ಕಲಂ ಅದರಲ್ಲಿ ಇಲ್ಲ.

ನಿಯಮವನ್ನು ಇನ್ನೊಬ್ಬರಿಗೆ ಹೇಳುವ ಪುರಸಭೆ ತಾನೂ ಅದಕ್ಕೆ ಒಳಪಡಬೇಕು. ಪುರಸಭೆಗಳೂ ಮಾಲಕರೇ. ಬಸ್ ನಿಲ್ದಾಣದ ಎದುರು, ಸಂತೆ ಮೈದಾನದ ಬದಿ ಅವು ಕಟ್ಟಿಸಿದ ಮಳಿಗೆಗಳು ಎಲ್ಲ ಊರಲ್ಲೂ ಇವೆ. ಸ್ಥಳೀಯ ಸಂಸ್ಥೆಯ ಕಟ್ಟಡಕ್ಕೆ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅವಧಿ ಮುಗಿದ ಮೇಲೂ ಬಿಡದವರನ್ನು ಎಬ್ಬಿಸಲು 1974ರ ಸಾರ್ವಜನಿಕ ಸ್ಥಳಗಳ ಕಾಯ್ದೆ ಇದೆ. ಆದರೂ ರಾಜ್ಯದ ಎಷ್ಟೋ ಪಟ್ಟಣಗಳಲ್ಲಿ ಅವಧಿ ಮುಗಿದ ಮಳಿಗೆಗಳು ಹಳೆಯ ದರಕ್ಕೇ ಹಳೆಯ ಕೈಯಲ್ಲೇ ಉಳಿದಿವೆ, ಹರಾಜು ಎಂದ ಕೂಡಲೇ ತಡೆಯಾಜ್ಞೆ ಬರುತ್ತದೆ. ಲೆಕ್ಕಪರಿಶೋಧಕರು ಎತ್ತುತ್ತಲೇ ಬಂದಿರುವ ಆಕ್ಷೇಪ ಇದು. ಕೆಲವು ಮಳಿಗೆಗಳಲ್ಲಿ ಮೂಲ ಬಾಡಿಗೆದಾರ ಕಡಿಮೆ ದರಕ್ಕೆ ಹಿಡಿದು ಇನ್ನೊಬ್ಬನಿಗೆ ಹಲವು ಪಟ್ಟು ದರಕ್ಕೆ ಕೊಟ್ಟಿರುತ್ತಾನೆ. ಇಲ್ಲಿ ವಿಧಾನಸಭೆಯನ್ನು ದೂರಲಾಗದು. ದಾನ ಕೊಡುತ್ತಿರುವುದು ಪುರಸಭೆಯೇ, ಯಾರಿಗೂ ಹೇಳದೆ.

ಅವರನ್ನೆಲ್ಲ ಬೀದಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಚಪ್ಪಲಿ ಹೊಲಿಯುವವನಿಗೆ, ವಿಧವೆ ನಡೆಸುವ ಝೆರಾಕ್ಸ್ ಅಂಗಡಿಗೆ ಕಡಿಮೆ ದರದಲ್ಲಿ ಮಳಿಗೆ ಕೊಡುವುದು ಊರಿಗೆ ಶೋಭೆ. ಹಾಗಾದರೆ ಅದನ್ನು ಬಜೆಟ್ಟಿನಲ್ಲಿ ಬರೆಯಿರಿ. ಮಳಿಗೆ ಇಷ್ಟನೆಯದು, ಪೇಟೆಯ ದರ ಇಷ್ಟು, ನಾವು ಪಡೆಯುತ್ತಿರುವುದು ಇಷ್ಟು, ಬಿಟ್ಟುಕೊಟ್ಟದ್ದು ಇಷ್ಟು, ಇಂಥವರಿಗೆ, ಇಂಥ ಕಾರಣಕ್ಕೆ. ಒಂದು ಪುಟ ಸಾಕು. ಯಾವ ತಿದ್ದುಪಡಿಯೂ ಬೇಡ, ಬೆಂಗಳೂರಿನ ಅಪ್ಪಣೆಯೂ ಬೇಡ, ಮುಂದಿನ ಸಾಮಾನ್ಯ ಸಭೆಯಲ್ಲೇ ಮಂಡಿಸಬಹುದು. ಇಂಥ ಪುಟ ಎಷ್ಟು ಊರುಗಳಲ್ಲಿ ಮಂಡನೆಯಾದೀತು ಎಂಬ ಬಗ್ಗೆ ನನಗೆ ಹೆಚ್ಚು ಆಸೆಯಿಲ್ಲ. ಓದುತ್ತಾ ಹೋದರೆ ಚಪ್ಪಲಿ ಹೊಲಿಯುವವನ ಹೆಸರಿನ ಮೇಲೂ ಕೆಳಗೂ ಯಾರ ಯಾರ ಹೆಸರು ಬರುತ್ತದೆ ಎಂದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತಿರುತ್ತದೆ.